ತೆರೆದ ಕೊರಳಪಟ್ಟಿ

"ಕತ್ತು ಇನ್ನೊಂದು ಚೂರು ಎಡಕ್ಕೆ, ದೊರೆಗಳೇ. ಹಾಂ, ಅಷ್ಟೇ. ಉಸಿರು ಬೇಕಾದ್ರೆ ಬಿಡಿ, ಅಲ್ಲಾಡಬೇಡಿ," ಎಂದ ದರ್ಜಿ, ತುಟಿಯಂಚಿನಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ದೊರೆ ಅಲ್ಲಾಡಲಿಲ್ಲ. ಆ ನಾಡಿನಲ್ಲಿ ಅವನಿಗೆ ಅಪ್ಪಣೆ ಮಾಡುವ ಎದೆಗಾರಿಕೆ ಇದ್ದವರು ಇಬ್ಬರೇ. ಒಬ್ಬಳು ಹೆತ್ತ ತಾಯಿ, ಇನ್ನೊಬ್ಬ ಈ ದರ್ಜಿ. ತಾಯಿಯ ಮಾತು ಮೀರಿದರೆ ಮನೆಯಲ್ಲಿ ದಿನಗಟ್ಟಲೆ ಮೌನ. ದರ್ಜಿಯ ಮಾತು ಮೀರಿದರೆ ಸೂಜಿ ನೇರವಾಗಿ ಚರ್ಮಕ್ಕೆ. ಕಿಟಕಿಯಿಂದ ಇಳಿದ ಬೆಳಗಿನ ಬಿಸಿಲು ನೆಲದಲ್ಲಿ ಬಿದ್ದಿದ್ದ ಬಟ್ಟೆ ಚೂರುಗಳ ಮೇಲೆ ಹರಡಿಕೊಂಡಿತ್ತು. ನದಿಯಾಚೆಯ ನಾಡಿನ ಜೊತೆ ಕೊನೆಗೂ ಒಪ್ಪಂದವಾಗುವುದಿತ್ತು. ಅದಕ್ಕೆಂದೇ ಈ ಹೊಸ ನಿಲುವಂಗಿ.

ದರ್ಜಿ ಸೀಮೆಸುಣ್ಣದ ಚೂರು ಹಿಡಿದು ಬಲಗಡೆಯ ಕೊರಳಪಟ್ಟಿಯ ಮೇಲೆ ಗೆರೆ ಎಳೆಯತೊಡಗಿದ. ಆ ಗೆರೆಗೆ ಅಳತೆಪಟ್ಟಿ ಬೇಕಿರಲಿಲ್ಲ. ದೊರೆಯ ಬಲಗಿವಿಯ ಕೆಳಗಿಂದ ಹೊರಟು, ಕುತ್ತಿಗೆಯನ್ನು ಓರೆಯಾಗಿ ದಾಟಿ, ಭುಜದ ಎಲುಬಿನವರೆಗೆ ಇಳಿದಿದ್ದ ಹಳೆಯ ಗಾಯದ ಕಲೆಯೇ ಅವನ ಅಳತೆ. ಕಲೆ ಹೋದ ದಾರಿಯಲ್ಲೇ ಕತ್ತರಿ ಹೋಗಬೇಕು. ಒಂದೆಳೆ ಬಟ್ಟೆಯೂ ಅದರ ಮೇಲೆ ಬೀಳಬಾರದು.

ಇದು ತಾಯಿಯ ಕಟ್ಟಪ್ಪಣೆ. ನದಿಯ ದಡದಲ್ಲಿ ನಡೆದ ಯುದ್ಧದಲ್ಲಿ ಅವಳ ಚಿಕ್ಕ ಮಗ ಸತ್ತಿದ್ದ. ದೊಡ್ಡವನು, ಅಂದರೆ ಈ ದೊರೆ, ಕುತ್ತಿಗೆ ಸೀಳಿಸಿಕೊಂಡು ಹೇಗೋ ಬದುಕಿಕೊಂಡಿದ್ದ. ಗಾಯ ನೋಡಿದ ವೈದ್ಯರು ಇದು ಎಡಗೈಯವನ ಹೊಡೆತ ಎಂದರು. ಎದುರು ನಿಂತವನು ಬಲಗೈಯವನಾದರೆ ಕತ್ತಿ ನಮ್ಮ ಎಡಗಡೆಗೆ ಬೀಳುತ್ತದೆ. ಇದು ಬಲಗಡೆಗೆ ಬಿದ್ದಿದೆ. ಅಣ್ಣ ತಮ್ಮ ಇಬ್ಬರೂ ಪಕ್ಕಪಕ್ಕದಲ್ಲೇ ಬಿದ್ದಿದ್ದರಿಂದ ಚಿಕ್ಕವನನ್ನು ಕೊಂದವನೂ ಅವನೇ ಎಂದು ಊರು ತೀರ್ಮಾನ ಮಾಡಿತು. ಆಚೆ ದಡದ ಯಾವನೋ ಒಬ್ಬ ಎಡಚ. ಅವನ ಮೇಲೆ ಸೇಡು ತೀರುವವರೆಗೆ ಈ ಗಾಯ ಮುಚ್ಚಕೂಡದು, ನಾಲ್ಕು ಜನರ ಕಣ್ಣಿಗೆ ಬೀಳುತ್ತಲೇ ಇರಬೇಕು ಎಂದಳು ತಾಯಿ. ಅಂದಿನಿಂದ ದೊರೆಯ ಯಾವ ಅಂಗಿಗೂ ಬಲಗಡೆ ಕೊರಳಪಟ್ಟಿ ಇಲ್ಲ.

ಚಳಿಗಾಲದಲ್ಲಿ ಆ ಬದಿಯ ಕಿವಿ ನೋಯುತ್ತಿತ್ತು. ಹಾಸಿಗೆ ಮನೆಯ ಬಾಗಿಲು ಹಾಕಿಕೊಂಡ ಮೇಲೆ ದೊರೆ ಕಳ್ಳನ ಹಾಗೆ ಒಂದು ಉಣ್ಣೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ತಮಾಷೆಯೆಂದರೆ, ಸಭೆಯ ದೊಡ್ಡ ಮನುಷ್ಯರೂ ಒಬ್ಬೊಬ್ಬರಾಗಿ ತಮ್ಮ ಬಲಗಡೆಯ ಕೊರಳಪಟ್ಟಿ ಕತ್ತರಿಸಿಕೊಳ್ಳತೊಡಗಿದ್ದರು. ಗಾಯದ ಗುರುತೇ ಇಲ್ಲದ, ಬೆಣ್ಣೆಯಂಥ ಕುತ್ತಿಗೆಗಳು ಸಾಲಾಗಿ ಕುಳಿತು ಸೀನುತ್ತಿದ್ದವು. ಅರ್ಧ ಕೊರಳಪಟ್ಟಿಗೆ ಪೂರ್ತಿ ಕೂಲಿ ಸಿಗುವ ನಾಡು ಇದೊಂದೇ ಎಂದು ದರ್ಜಿ ಹಿಂದಿನಿಂದ ನಗುತ್ತಿದ್ದ.

ಸೇಡು ಮಾತ್ರ ತೀರಲಿಲ್ಲ. ದಂಡನಾಯಕರು ಮತ್ತೆ ಮತ್ತೆ ಬಂದು, ನೀರು ಇಳಿದಿದೆ, ಈಗ ನದಿ ದಾಟಬಹುದು ಎಂದರು. ದೊರೆ ಬೇಡ ಎಂದ. ಮೊದಮೊದಲು ಜನ ಗುಸುಗುಸು ಮಾಡಿದರು. ಬರುಬರುತ್ತಾ ಅದಕ್ಕೆ ತಾಳ್ಮೆ ಎಂದು ಹೆಸರಿಟ್ಟರು. ಜಗಳಕ್ಕೆ ನಿಂತ ಮಕ್ಕಳಿಗೆ ತಾಯಂದಿರು, ದೊರೆಯನ್ನು ನೋಡಿ ಕಲಿ, ಅಷ್ಟು ದೊಡ್ಡ ಪೆಟ್ಟು ತಿಂದೂ ಕೈ ಎತ್ತಲಿಲ್ಲ ಎಂದು ಬುದ್ಧಿ ಹೇಳತೊಡಗಿದರು. ಅವನ ತಾಯಿ ಒಬ್ಬಳೇ ಅದನ್ನು ಹೇಡಿತನ ಎಂದಳು. ತಾಳ್ಮೆಯೂ ಅಲ್ಲ, ಹೇಡಿತನವೂ ಅಲ್ಲ ಎಂದು ಗೊತ್ತಿದ್ದವನು ದೊರೆ ಮಾತ್ರ.

ಮಂತ್ರಿ ಬಾಗಿಲಲ್ಲಿ ಕಾಣಿಸಿಕೊಂಡ. ವಯಸ್ಸಾದ ಮನುಷ್ಯ, ಬೇಗ ಕಣ್ಣೀರು ತುಂಬಿಕೊಳ್ಳುವವನು. ಇವತ್ತು ಮುಖ ಅರಳಿತ್ತು.

"ದೊರೆಗಳೇ, ಒಳ್ಳೇ ಸುದ್ದಿ. ಆಚೆ ದಡದವರು ಒಪ್ಪಂದದ ಗುರುತಿಗೆ ಅಂತ ಒಬ್ಬನ್ನ ಕಟ್ಟಿ ಕಳಿಸಿದ್ದಾರೆ. ಸಿಕ್ಕಿಬಿಟ್ಟ. ಎಡಚ ಸಿಕ್ಕಿಬಿಟ್ಟ!"

ದೊರೆ ತಟ್ಟನೆ ತಿರುಗಿದ. ಸೂಜಿ ಚುಚ್ಚಿತು.

"ಹೇಳಿದ್ನಲ್ಲ ಅಲ್ಲಾಡಬೇಡಿ ಅಂತ," ಎಂದ ದರ್ಜಿ.

"ಯಾರಂತೆ ಅವನು?" ಎಂದ ದೊರೆ. ಗಾಯವಾದ ದಿನದಿಂದ ಅವನ ದನಿ ಒಡೆದುಹೋಗಿತ್ತು. ಪಕ್ಕದಲ್ಲಿದ್ದವರಿಗಷ್ಟೇ ಕೇಳುವ ಗೊಗ್ಗರು ದನಿ.

"ಕುದುರೆ ಜೀನು ಹೊಲಿಯೋನು. ಅವತ್ತಿನ ಯುದ್ಧದಲ್ಲಿ ಇದ್ನಂತೆ. ಆ ಕಡೆ ದಂಡಿನಲ್ಲಿ ಎಡಗೈಲಿ ಕತ್ತಿ ಹಿಡಿದೋನು ಇವನೊಬ್ಬನೇ ಅಂತೆ. ಕೇಳಿದ್ದಕ್ಕೆ ಒಪ್ಪಿಕೊಂಡೂ ಬಿಟ್ಟಿದ್ದಾನೆ."

"ಒಪ್ಪಿಕೊಂಡ್ನಾ?"

"ಹೂಂ. ಅಮ್ಮಾವ್ರಿಗೆ ಆಗಲೇ ಹೇಳಿ ಬಂದೆ. ಸಭೆಗೆ ನಾನೇ ಬರ್ತೀನಿ ಅಂದ್ರು."

ಅರ್ಧ ಹೊಲಿದ ನಿಲುವಂಗಿ ಕಳಚಿ ಹಳೆಯದನ್ನು ಹಾಕಿಕೊಳ್ಳುವಾಗ ತೋಳಿಗೆ ಕೈ ತೂರಲು ದರ್ಜಿಯೇ ನೆರವಾಗಬೇಕಾಯಿತು.

ಸಭೆಗೆ ಹೋಗುವ ಓಣಿ ಉದ್ದ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು, ವಾಸನೆ ಇನ್ನೂ ಹೋಗಿರಲಿಲ್ಲ. ಆ ಬಿಳುಪಿನ ಮಧ್ಯೆ ನಡೆಯುವಾಗ ದೊರೆಗೆ ಬೇಡಬೇಡವೆಂದರೂ ಅವತ್ತಿನ ಮಂಜು ನೆನಪಾಯಿತು.

ಮಂಜು ಕವಿಯುವ ಕಾಲದಲ್ಲಿ ಅವರ ದಂಡಿಗೆ ಒಂದು ನಿಯಮವಿತ್ತು. ಎಲ್ಲರೂ ಎಡತೋಳಿಗೆ ಬಿಳಿ ಬಟ್ಟೆ ಕಟ್ಟಬೇಕು. ಎದುರಿಗೆ ಬಂದವನ ಮುಖ ನೋಡಬೇಡ, ತೋಳು ನೋಡು. ಬಿಳುಪು ಕಂಡರೆ ನಮ್ಮವನು, ಕಾಣದಿದ್ದರೆ ಕತ್ತಿ ಬೀಸು. ನಿಯಮ ಮಾಡಿದವನು ದೊರೆಯೇ. ಅವತ್ತು ನದಿಯಿಂದ ಎದ್ದ ಮಂಜಿನಲ್ಲಿ ಸ್ವಂತ ಕೈಯೇ ಕಾಣುತ್ತಿರಲಿಲ್ಲ. ಪಕ್ಕದಿಂದ ಒಬ್ಬ ನುಗ್ಗಿ ಬಂದ. ದೊರೆ ಅವನ ಎಡತೋಳು ನೋಡಿದ. ಬರಿದಾಗಿತ್ತು. ಬೀಸಿದ. ಚಳಿಗೆಂದು ದೊರೆ ಮೈಮೇಲೆ ಹೊದ್ದಿದ್ದ ಕಂಬಳಿಯ ಕೆಳಗೆ ಅವನ ಸ್ವಂತ ಬಿಳಿ ಬಟ್ಟೆಯೂ ಅಡಗಿತ್ತು. ಅದು ಅವನಿಗೆ ಆಗ ಹೊಳೆಯಲಿಲ್ಲ. ಬಂದವನಿಗೂ ಎದುರಿಗೆ ಕಂಡದ್ದು ಬಿಳುಪಿಲ್ಲದ ಒಂದು ತೋಳು. ಅವನೂ ಬೀಸಿದ. ಎರಡು ಕತ್ತಿಗಳೂ ಒಂದೇ ಗಳಿಗೆಯಲ್ಲಿ ಬಿದ್ದವು. ನೆಲಕ್ಕೆ ಉರುಳಿದ ಮೇಲೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರದಲ್ಲಿ ದೊರೆ ಆ ಮುಖ ನೋಡಿದ. ತಮ್ಮನ ಮುಖ.

ತಮ್ಮ ಹುಟ್ಟಾ ಎಡಚ. ಊಟಕ್ಕೆ ಕುಳಿತಾಗ ತಾಯಿ ಅವನ ಎಡಗೈಗೆ ಮೆಲ್ಲಗೆ ಒಂದೇಟು ಹಾಕಿ, ಲೋ ಎಡಚಾ, ಯಾರ ಮನೆ ಕೈಯೋ ಅದು ಎಂದು ನಗುತ್ತಿದ್ದಳು. ಆದರೂ ಮನೆಯಲ್ಲೇ ಒಬ್ಬ ಎಡಚ ಇದ್ದ ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಅಂಥದ್ದು ಹೊಳೆಯಬೇಕಾದರೂ ಮನಸ್ಸು ಕೆಟ್ಟಿರಬೇಕು. ದೊರೆಗೆ ಎಚ್ಚರ ಬಂದು, ಗಂಟಲಿನಿಂದ ಒಂದು ಮಾತು ಹೊರಡುವ ಹೊತ್ತಿಗೆ ತಮ್ಮನ ಮಣ್ಣಾಗಿ ವಾರಗಳೇ ಕಳೆದಿದ್ದವು. ಕಥೆಯೂ ಸಿದ್ಧವಾಗಿತ್ತು. ತಾಯಿ ಹಾಸಿಗೆಯ ಪಕ್ಕ ಕುಳಿತು, ನೀನಾದರೂ ಉಳಿದೆಯಲ್ಲ ಮಗನೇ, ಅವನನ್ನು ಕೊಂದವನನ್ನು ಬಿಡಬೇಡ ಎಂದಳು. ದೊರೆ ಕಣ್ಣು ಮುಚ್ಚಿಕೊಂಡ. ನಾಳೆ ಹೇಳೋಣ ಎಂದುಕೊಂಡ. ಆ ನಾಳೆ ಇವತ್ತಿನವರೆಗೂ ಬಂದಿರಲಿಲ್ಲ.

ಸಭೆ ತುಂಬಿತ್ತು. ಬರಿದಾದ ಬಲಗುತ್ತಿಗೆಗಳೆಲ್ಲ ಒಟ್ಟಿಗೆ ಬಾಗಿ ವಂದಿಸಿದವು. ಪಕ್ಕದ ಎತ್ತರದ ಕುರ್ಚಿಯಲ್ಲಿ ತಾಯಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದಳು. ಮುಪ್ಪಿನಿಂದ ಒಣಗಿ ಚಿಕ್ಕದಾಗಿದ್ದ ದೇಹ; ಕಣ್ಣು ಮಾತ್ರ ಮೊದಲಿನ ಹಾಗೇ ಚುರುಕು.

ನಡುವೆ ನಿಂತಿದ್ದವನನ್ನು ದೊರೆ ನೋಡಿದ. ಇಷ್ಟು ವರ್ಷ ಊರಿಗೆ ಊರೇ ಹಲ್ಲು ಕಡಿದದ್ದು ಈ ಮನುಷ್ಯನ ಮೇಲೆ. ಬಾಗಿದ ಬೆನ್ನು, ಮೋಟು ಗಡ್ಡ, ಮೊಣಕಾಲಿನ ಹತ್ತಿರ ತೇಪೆ ಹಾಕಿದ ಷರಾಯಿ. ಕಟ್ಟಿದ ಕೈಗಳಲ್ಲಿ ಎಡಗೈ ಹೆಬ್ಬೆರಳು ದಪ್ಪ ಸೂಜಿ ಒತ್ತಿ ಒತ್ತಿ ಕಲ್ಲಿನಂತೆ ಜಡ್ಡುಗಟ್ಟಿತ್ತು.

"ನೀನೇ ಅಂತ ಹೇಗೆ ಹೇಳ್ತೀಯ?" ಎಂದ ದೊರೆ.

ಜೀನು ಹೊಲಿಯುವವನು ತಲೆ ಎತ್ತಲಿಲ್ಲ. "ನಾನೇ ಅಂತ ಹೇಳೋಕಾಗಲ್ಲ ಧಣಿ. ನಾನಲ್ಲ ಅಂತಾನೂ ಹೇಳೋಕಾಗಲ್ಲ. ಮಂಜಿತ್ತು. ಭಯಕ್ಕೆ ಸುತ್ತಮುತ್ತ ಬೀಸ್ತಾ ಇದ್ದೆ. ಒಂದ್ಸಲ ಕತ್ತಿ ಯಾರಿಗೋ ತಾಗ್ತು, ಕೈಗೆ ಗೊತ್ತಾಯ್ತು. ಯಾರಿಗೆ ಅಂತ ಗೊತ್ತಾಗ್ಲಿಲ್ಲ. ಆಮೇಲೆ ಊರಲ್ಲಿ ಎಲ್ರೂ ಎಡಗೈಯವನು ಎಡಗೈಯವನು ಅಂದಾಗ, ನಾನೇ ಇರಬೇಕು ಅನ್ನಿಸ್ತು. ಅವತ್ತಿಂದ ಹಾಗೇ ಬದುಕಿದ್ದೀನಿ. ನಮ್ಮೋರು ಕಳಿಸ್ತೀವಿ ಅಂದಾಗ ಬೇಡ ಅನ್ನಲಿಲ್ಲ. ಏನು ಮಾಡಬೇಕೋ ಮಾಡಿ, ತೀರಿಹೋಗ್ಲಿ."

ತಾನು ಮಾಡಿದ್ದನ್ನು ಈ ಮನುಷ್ಯ ಇಷ್ಟು ವರ್ಷ ಹೊತ್ತಿದ್ದಾನೆ. ತಾನು ಬಾಯಿಗೆ ಬೀಗ ಹಾಕಿಕೊಂಡಿದ್ದಕ್ಕೆ ನದಿಯಾಚೆ ಒಬ್ಬನ ನಿದ್ದೆ ಹಾಳಾಗಿದೆ. ದೊರೆ ಇದನ್ನು ಒಮ್ಮೆಯೂ ಯೋಚಿಸಿರಲಿಲ್ಲ. ಆ ಎಡಚ ಬರೀ ಹೆಸರು, ಅವನಿಗೆ ಮೈಯಿಲ್ಲ ಮನೆಯಿಲ್ಲ ಎಂದೇ ಅವನು ನೆಮ್ಮದಿ ತಂದುಕೊಂಡಿದ್ದ.

ಆದರೂ ಒಂದು ಸುಲಭದ ದಾರಿ ಇತ್ತು. 'ನಿನ್ನನ್ನು ಕ್ಷಮಿಸಿದ್ದೇನೆ, ಹೋಗು.' ಅಷ್ಟೇ. ಇವನ ಜೀವ ಉಳಿಯುತ್ತದೆ, ಒಪ್ಪಂದ ಉಳಿಯುತ್ತದೆ, ಗುಟ್ಟೂ ಉಳಿಯುತ್ತದೆ. ತಾಯಿ ಕೆಲವು ತಿಂಗಳು ಮಾತು ಬಿಡಬಹುದು. ಓಣಿಯಲ್ಲಿ ಬರುವಾಗಲೇ ದೊರೆ ಆ ಮಾತನ್ನು ನಾಲಿಗೆಯ ತುದಿಗೆ ತಂದಿಟ್ಟುಕೊಂಡಿದ್ದ. ಇನ್ನೇನು ಬಾಯಿ ತೆರೆಯಬೇಕು, ತಾಯಿ ಕೈ ಎತ್ತಿದಳು.

"ನಾನೊಂದು ಕೇಳ್ಬೇಕು ಇವನನ್ನ," ಎಂದಳು. ತಲೆ ತೆಗೆಯಿರಿ ಎನ್ನುತ್ತಾಳೆ ಎಂದೇ ಎಲ್ಲರೂ ಕಾದಿದ್ದರು. ಅವಳು ಕುರ್ಚಿಯಿಂದ ಮುಂದಕ್ಕೆ ಬಾಗಿದಳು. "ಏನಪ್ಪಾ, ನನ್ನ ಮಗ ಬೀಳೋವಾಗ ಏನಾದ್ರೂ ಅಂದ್ನಾ?"

ಜೀನು ಹೊಲಿಯುವವನು ಮೊದಲ ಸಲ ತಲೆ ಎತ್ತಿದ.

"ಒಂದು ಮಾತು? ಅಮ್ಮಾ ಅಂತಾನಾದ್ರೂ? ನೀರು ಕೇಳಿದ್ನಾ? ನೀನು ಹತ್ತಿರದಲ್ಲಿದ್ದೆಯಲ್ಲ. ಇದೊಂದು ಕೇಳೋಕೆ ಅಂತಾನೇ ನಿನ್ನ ದಾರಿ ಕಾದಿದ್ದೀನಿ ಕಣಪ್ಪಾ. ನಿನ್ನ ತಲೆ ತಗೊಂಡು ನಾನೇನು ಮಾಡ್ಲಿ?"

"ಹೇಳಿಬಿಡೋಣ ಅನ್ನಿಸುತ್ತೆ ತಾಯಿ," ಎಂದ ಅವನು, ಕಣ್ಣು ತುಂಬಿಕೊಂಡು. "ಏನೋ ಅಂದ ಅಂತ. ಆದ್ರೆ ನನ್ನ ಕಿವಿಗೆ ಏನೂ ಬೀಳಲಿಲ್ಲ. ನಿಮ್ಮ ಮುಂದೆ ಸುಳ್ಳು ಹೇಳೋಕೆ ಬಾಯಿ ಬರಲ್ಲ."

ತಾಯಿ ಹಿಂದಕ್ಕೆ ಒರಗಿದಳು. ನೆಟ್ಟಗಿದ್ದ ಬೆನ್ನು ಎಲ್ಲರ ಕಣ್ಣೆದುರೇ ಕುಸಿಯಿತು.

ದೊರೆ ಎದ್ದು ನಿಂತಿದ್ದ. ಯಾವಾಗ ಎದ್ದನೋ ಅವನಿಗೇ ತಿಳಿಯಲಿಲ್ಲ. "ಇವನಲ್ಲ," ಎಂದ. "ಇವನ ಕೈ ಬಿಚ್ಚಿ. ನನ್ನ ತಮ್ಮನ್ನ ಕೊಂದಿದ್ದು ಇವನಲ್ಲ. ನಾನು."

ಮಂತ್ರಿಯ ಕಣ್ಣಿಂದ ಬಳಬಳ ನೀರಿಳಿಯಿತು.

"ಕೇಳಿದ್ರಾ?" ಎಂದು ಅವನು ಸಭೆಯ ಕಡೆ ತಿರುಗಿದ. "ಶತ್ರುವಿನ ಜೀವ ಉಳಿಸೋಕೆ ಅವನ ಪಾಪಾನ ತನ್ನ ತಲೆಗೆ ಕಟ್ಟಿಕೊಳ್ಳೋ ದೊರೆಯನ್ನ ಎಲ್ಲಾದ್ರೂ ಕಂಡಿದ್ದೀರಾ?"

ಸಭೆ ಹೋ ಎಂದಿತು. ಜಯಕಾರಕ್ಕೆ ಚಾವಣಿಯ ಪಾರಿವಾಳಗಳು ಎದ್ದು ಹಾರಿದವು. ದೊರೆ ಎರಡೂ ಕೈ ಎತ್ತಿ, "ಅಲ್ಲ, ಕೇಳಿ, ನಿಜವಾಗ್ಲೂ ನಾನೇ," ಎಂದ. ಅವನ ಗೊಗ್ಗರು ದನಿ ಮೊದಲ ಸಾಲನ್ನೂ ದಾಟಲಿಲ್ಲ. ಎತ್ತಿದ ಕೈಗಳನ್ನು ಕಂಡು ಜನ ಇನ್ನಷ್ಟು ಕೂಗಿದರು. ಕೈ ಬಿಚ್ಚಿಸಿಕೊಂಡ ಜೀನು ಹೊಲಿಯುವವನು ಅವನ ಕಾಲಿಗೆ ಬಿದ್ದು ಗೊಳೋ ಎಂದು ಅತ್ತ. ನಿರಪರಾಧಿಯೊಬ್ಬ ತನ್ನ ಕಾಲು ಹಿಡಿದುಕೊಂಡು ಕ್ಷಮಿಸಿದ್ದಕ್ಕೆ ಋಣಿ ಎನ್ನುತ್ತಿದ್ದಾನೆ. ದೊರೆಗೆ ಕಾಲು ಹಿಂದಕ್ಕೆ ಎಳೆದುಕೊಳ್ಳುವ ಶಕ್ತಿಯೂ ಇರಲಿಲ್ಲ.

ಅದಕ್ಕಿಂತ ನಾಚಿಕೆಗೇಡಿನ ಸಂಗತಿ ಇನ್ನೊಂದಿತ್ತು. ಒಳಗೆಲ್ಲೋ ಒಂದು ಹಗುರ. ಹೇಳಿದ್ದೂ ಆಯಿತು, ಉಳಿದುಕೊಂಡದ್ದೂ ಆಯಿತು. ನಂಬದಿದ್ದರೆ ನಾನೇನು ಮಾಡಲಿ ಎಂದು ಮನಸ್ಸು ಆಗಲೇ ಮೆತ್ತಗೆ ಹಾಸಿಗೆ ಹಾಸುತ್ತಿತ್ತು. ದೊರೆಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮಧ್ಯಾಹ್ನ ತಾಯಿಯ ಕೋಣೆಯಿಂದ ಕರೆ ಬಂತು. ಅವಳ ಕೋಣೆ ಅರಮನೆಯಲ್ಲೇ ಚಿಕ್ಕದು. ಒಂದು ಮಂಚ, ಒಂದು ಪೆಟ್ಟಿಗೆ, ಕಿಟಕಿಯ ಹತ್ತಿರ ಗಿಡ್ಡ ಮಣೆ. ಮಕ್ಕಳು ಚಿಕ್ಕವರಿದ್ದಾಗ ತಲೆ ಬಾಚಿಸಿಕೊಳ್ಳಲು ಕೂರುತ್ತಿದ್ದ ಮಣೆ ಅದು. ತಾಯಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು.

"ಬಾಗಿಲು ಹಾಕು," ಎಂದಳು. ಅವನು ಹಾಕಿದ. "ಅವನನ್ನ ಉಳಿಸಬೇಕಿತ್ತು. ಸರಿ, ಉಳಿಸು. ನಾನೇನು ಬೇಡ ಅಂದ್ನಾ? ಅದಕ್ಕೆ ನೂರು ದಾರಿ ಇತ್ತು. ನನ್ನ ಮಗನ ಸಾವಿನ ಮೇಲೇ ಸುಳ್ಳು ಕಟ್ಟಬೇಕಿತ್ತೇನೋ? ಅದೂ ನಾಲ್ಕು ಜನರ ಮುಂದೆ, ನಾನು ಕೂತಿರೋವಾಗ!"

ಈಗಲೂ ದಾರಿಯಿತ್ತು. ತಪ್ಪಾಯ್ತು ಅಮ್ಮ, ಬೇರೆ ಉಪಾಯ ಹೊಳೆಯಲಿಲ್ಲ ಎಂದರೆ ಸಾಕು. ಅವಳು ಬೈಯುತ್ತಾಳೆ, ಅಳುತ್ತಾಳೆ, ಸಂಜೆಗೆ ತಣ್ಣಗಾಗುತ್ತಾಳೆ. ದೊರೆ ಬಾಗಿಲಿಗೆ ಒರಗಿ ನಿಂತ.

"ಸುಳ್ಳಲ್ಲ ಅಮ್ಮ."

"ಸಾಕು ಮಾಡು. ನಿನ್ನ ದೊಡ್ಡತನ ಎಲ್ಲ ಸಭೆಗೆ ಇಟ್ಟುಕೋ."

"ಅವತ್ತು ಅವನು ಬಿಳಿ ಬಟ್ಟೇನ ಬಲತೋಳಿಗೆ ಕಟ್ಕೊಂಡಿದ್ದ."

ತಾಯಿ ತಿರುಗಿದಳು.

"ಎಡತೋಳು ಖಾಲಿ ಇತ್ತು," ಎಂದ ದೊರೆ. "ನಾನು ನೋಡಿದ್ದು ಅದನ್ನೇ. ಬಿದ್ದ ಮೇಲೆ ಬಲತೋಳು ಕಾಣಿಸ್ತು. ಗಂಟು ಸಡಿಲ ಆಗಿ ಮೊಣಕೈಗೆ ಇಳಿದಿತ್ತು."

ತಾಯಿ ಗೋಡೆ ತಡವಿಕೊಂಡು ಬಂದು ಮಂಚದ ಮೇಲೆ ಕುಳಿತಳು.

"ಆ ಬಟ್ಟೆ ಬಿಚ್ಚಿದ್ದು ನಾನು," ಎಂದಳು. "ಮೈ ತೊಳೆಯೋಕೆ ಯಾರನ್ನೂ ಒಳಗೆ ಬಿಡಲಿಲ್ಲ. ಬಲತೋಳಲ್ಲಿ ಯಾಕಿದೆ ಅಂತ ಅವತ್ತೇ ಅನ್ನಿಸ್ತು. ಯಾರ ಹತ್ತಿರಾನೂ ಹೇಳ್ಲಿಲ್ಲ. ನಿನಗೆ ಆಗ ಪ್ರಜ್ಞೆಯೇ ಇರಲಿಲ್ಲ." ಆಮೇಲೆ ತಲೆ ಎತ್ತಿ, "ಅವನಿಗೆ ಯಾವಾಗ್ಲೂ ನೀನೇ ಕಟ್ತಿದ್ದೆಯಲ್ಲೋ?" ಎಂದಳು.

ಇದೇ ಪ್ರಶ್ನೆಗೆ ದೊರೆ ಇಷ್ಟು ವರ್ಷ ಹೆದರಿದ್ದು. ಕತ್ತಿಗಲ್ಲ, ಮಂಜಿಗಲ್ಲ, ಇದಕ್ಕೆ.

ಎಡಚನಾದ ತಮ್ಮನಿಗೆ ಗಂಟು ಹಾಕಲು ಬರುತ್ತಿರಲಿಲ್ಲ. ಎಲ್ಲರ ಗಂಟಿಗೂ ಅವನ ಗಂಟು ಉಲ್ಟಾ, ಹಾಕಿದ ಸ್ವಲ್ಪ ಹೊತ್ತಿಗೇ ಬಿಚ್ಚಿಕೊಳ್ಳುತ್ತಿತ್ತು. ಚಿಕ್ಕಂದಿನಲ್ಲಿ ಚಪ್ಪಲಿಯ ಬಾರಿನಿಂದ ಹಿಡಿದು ದೊಡ್ಡವನಾದ ಮೇಲೆ ಕವಚದ ಪಟ್ಟಿಯವರೆಗೆ ಎಲ್ಲವನ್ನೂ ಅಣ್ಣನ ಮುಂದೆ ಹಿಡಿದು ನಿಲ್ಲುತ್ತಿದ್ದ. ಅಣ್ಣ ಬೈಯುತ್ತಾ ಕಟ್ಟುತ್ತಿದ್ದ. ಅದು ಅವರಿಬ್ಬರ ರೂಢಿ.

"ಹಿಂದಿನ ಸಂಜೆ ಸೈನಿಕರ ಮುಂದೆ ನನ್ನ ತಮಾಷೆ ಮಾಡಿದ್ದ," ಎಂದ ದೊರೆ. "ಮಂಜು ಕರಗೋವರೆಗೂ ಕಾಯೋಣ ಅಂದಿದ್ದೆ. ಅಣ್ಣನಿಗೆ ಮಂಜು ಕಂಡ್ರೂ ಭಯ ಅಂದ. ಎಲ್ರೂ ನಕ್ರು. ನನಗೆ ಉರಿದುಹೋಯ್ತು. ಬೆಳಿಗ್ಗೆ ಬಟ್ಟೆ ತಗೊಂಡು ಬಂದು ಯಾವತ್ತಿನ ಹಾಗೆ ತೋಳು ಚಾಚಿದ. ನಿನಗೆ ಕೈಯಿಲ್ವಾ, ಕಟ್ಕೋ ಹೋಗು ಅಂದೆ. ಅಂದು ಕುದುರೆ ಕಡೆ ತಿರುಗಿಬಿಟ್ಟೆ. ಅವನು ತನ್ನ ಎಡಗೈಲಿ ಕಟ್ಕೊಂಡ. ಎಡಗೈಲಿ ಕಟ್ಟಿದ್ರೆ ಬಲತೋಳಿಗೇ ತಾನೇ ಬರೋದು? ನಾನು ಒಂದ್ಸಲ ತಿರುಗಿ ನೋಡಿದ್ರೆ ಸಾಕಿತ್ತಮ್ಮ. ಒಂದೇ ಒಂದ್ಸಲ."

ಹೊರಗೆ ಅಂಗಳದಲ್ಲಿ ಯಾರೋ ನೀರು ಸೇದುತ್ತಿದ್ದರು. ರಾಟೆಯ ಕಿರುಗುಟ್ಟುವ ಸದ್ದು ನಿಂತಿತು, ಮತ್ತೆ ಶುರುವಾಯಿತು.

"ಹಾಗಾದ್ರೆ ನೀನು ಹತ್ತಿರದಲ್ಲಿದ್ದೆ," ಎಂದಳು ತಾಯಿ. ದನಿಯಲ್ಲಿ ಕೋಪವಿರಲಿಲ್ಲ; ಕೋಪವಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ನಿನಗೆ ಗೊತ್ತಿರುತ್ತೆ. ಏನಾದ್ರೂ ಅಂದ್ನಾ?"

ದೊರೆ ತಲೆ ತಗ್ಗಿಸಿದ. ತಮ್ಮನ ಕೊನೆಯ ಮಾತು ತಾಯಿಗೆ ಸೇರಬೇಕಾದ ವಸ್ತು. ಅದನ್ನು ಅವನು ಕದ್ದು ಇಟ್ಟುಕೊಂಡಿದ್ದ.

"ನನ್ನ ಕುತ್ತಿಗೆಯಿಂದ ರಕ್ತ ಹರೀತಾ ಇತ್ತು. ಅದನ್ನ ನೋಡಿದ. ತನಗೆ ಏನಾಗಿದೆ ಅಂತ ನೋಡ್ಕೊಳ್ಳಲೇ ಇಲ್ಲ. 'ಅಯ್ಯೋ ಅಣ್ಣ, ನೀನಾ? ಜಾಸ್ತಿ ಪೆಟ್ಟಾಯ್ತಾ?' ಅಂದ. ಅಷ್ಟೇ."

"ನೀನೇನಂದೆ?"

"ಏನೂ ಅನ್ನೋಕಾಗ್ಲಿಲ್ಲ. ಗಂಟಲು ಕುಯ್ದಿತ್ತು."

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೊರೆ ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟ. ಅವಳು ಬೇಡವೆಂದು ಕೈಯಾಡಿಸಿದಳು. ಅವನು ಅಲ್ಲೇ ನಿಂತ. ಬಿಸಿಲು ಮಂಚದ ಕಾಲಿನಿಂದ ಗೋಡೆಗೆ ಏರುವವರೆಗೂ ಅವನು ಬಾಗಿಲ ಬಳಿ ನಿಂತೇ ಇದ್ದ. ಆಮೇಲೆ ತಾಯಿ ಮುಖ ಒರೆಸಿಕೊಂಡು ಎದ್ದಳು. ಅವನನ್ನು ದಾಟಿ ಹೊರಗೆ ನಡೆದಳು.

ಅವಳು ಹೋದದ್ದು ಕುದುರೆ ಲಾಯಕ್ಕೆ. ದೊರೆ ದೂರದಿಂದ ಹಿಂಬಾಲಿಸಿದ. ಮರುದಿನದ ದೋಣಿಗೆ ಕಾಯುತ್ತಿದ್ದ ಜೀನು ಹೊಲಿಯುವವನು ಸುಮ್ಮನೆ ಕೂರಲಾರದೆ, ಯಾವುದೋ ಕುದುರೆಯ ಹರಿದ ಜೀನನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿಯುತ್ತಿದ್ದ. ಎಡಗೈ ಸೂಜಿ ಒತ್ತುತ್ತಿತ್ತು, ಬಲಗೈ ದಾರ ಎಳೆಯುತ್ತಿತ್ತು. ತಾಯಿ ಆ ಎಡಗೈಯನ್ನೇ ನೋಡುತ್ತಾ ನಿಂತಳು. ಅವನು ಗಾಬರಿಯಿಂದ ಏಳಲು ಹೋದ.

"ಕೂತ್ಕೋ. ಕೆಲಸ ನಿಲ್ಲಿಸಬೇಡ," ಎಂದಳು. "ನೀನಲ್ಲಪ್ಪಾ. ನನ್ನ ಮಗನ್ನ ಕೊಂದಿದ್ದು ನೀನಲ್ಲ."

"ದೊರೆಗಳು ದೊಡ್ಡ ಮನಸ್ಸು ಮಾಡಿ ಹಾಗಂದ್ರು ತಾಯಿ. ನನಗೆ ಗೊತ್ತು."

"ದೊರೆ ಮಾತು ಬಿಡು. ಹೆತ್ತವಳು ಹೇಳ್ತಿದ್ದೀನಿ. ನೀನಲ್ಲ. ಮನೆಗೆ ಹೋಗಿ ಕಣ್ತುಂಬ ನಿದ್ದೆ ಮಾಡು."

ಅವನ ಕೈಯಿಂದ ಸೂಜಿ ಜಾರಿತು. ಅವನು ಅವಳ ಮುಖವನ್ನೇ ನೋಡಿದ. ಹೆತ್ತವಳು ಈ ಮಾತನ್ನು ಯಾರ ಮೇಲಿನ ಕರುಣೆಗೂ ಹೇಳುವುದಿಲ್ಲ ಎನ್ನುವುದು ಅವನಿಗೆ ತಿಳಿದಿರಬೇಕು. ಒಂದು ದೊಡ್ಡ ಉಸಿರು ಬಿಟ್ಟ. ತುಂಬ ಹೊತ್ತು ಹೊತ್ತ ಮೂಟೆ ಇಳಿಸಿದವರು ಬಿಡುವಂಥ ಉಸಿರು. ಕಂಬದ ಮರೆಯಲ್ಲಿ ನಿಂತಿದ್ದ ದೊರೆಗೆ ಅದು ಕೇಳಿಸಿತು. ಆ ಮೂಟೆ ಯಾರದೆಂದು ಅವನಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ದರ್ಜಿ ನಿಲುವಂಗಿ ತಂದಾಗ, ನಿನ್ನೆ ಅಳತೆ ನೋಡಿದ ಅದೇ ಕೋಣೆಯಲ್ಲಿ ತಾಯಿಯೂ ಇದ್ದಳು. ರಾತ್ರಿ ಊಟಕ್ಕೆ ಬಂದಿರಲಿಲ್ಲ. ಮಗನ ಜೊತೆ ಆಮೇಲೆ ಒಂದು ಮಾತೂ ಆಡಿರಲಿಲ್ಲ. ಈಗಲೂ ಅವಳು ನೋಡಿದ್ದು ದರ್ಜಿಯನ್ನು.

"ಆ ಬಲಗಡೆ ಪಟ್ಟಿ ಮುಚ್ಚಿ ಹೊಲಿ," ಎಂದಳು.

ದರ್ಜಿಗೆ ಕಿವಿಯನ್ನು ನಂಬಲಾಗಲಿಲ್ಲ. "ಕತ್ತರಿಸಿ ಆಗಿದೆಯಲ್ಲ ಅಮ್ಮಾವ್ರೇ. ಈಗ ಮುಚ್ಚಿದ್ರೆ ತೇಪೆ ಕಾಣುತ್ತೆ."

"ಕಾಣಲಿ."

"ಒಪ್ಪಂದದ ದಿನ, ಅಷ್ಟು ಜನರ ಎದುರಿಗೆ..."

"ಕಾಣಲಿ ಅಂದ್ನಲ್ಲ."

ದರ್ಜಿ ಮೂಲೆಯಲ್ಲಿ ಕುಳಿತು, ನೆಲದ ಚೂರುಗಳಲ್ಲಿ ಹುಡುಕಿ, ನಿನ್ನೆ ತಾನೇ ಕತ್ತರಿಸಿ ಎಸೆದಿದ್ದ ತುಂಡನ್ನು ತೆಗೆದು ಹೊಲಿದ. ಬಾಯಲ್ಲಿ ಏನೋ ಗೊಣಗುತ್ತಲೇ ಇದ್ದ. ಇನ್ನು ಸಭೆಯವರೆಲ್ಲ ಸಾಲಾಗಿ ಬಂದು ತೇಪೆ ಹಾಕಿಕೊಡು ಎನ್ನುತ್ತಾರೆ ಎಂಬ ಲೆಕ್ಕಾಚಾರ ಅವನ ತಲೆಯಲ್ಲಿ ಆಗಲೇ ಶುರುವಾಗಿದ್ದಿರಬೇಕು.

ನಿಲುವಂಗಿ ತೊಡಿಸಿ ಕೊರಳಿನ ಗುಂಡಿ ಹಾಕಲು ದರ್ಜಿ ಕೈ ಎತ್ತಿದ. ತಾಯಿ ಅವನನ್ನು ಪಕ್ಕಕ್ಕೆ ಸರಿಸಿ, ಕಿಟಕಿಯ ಹತ್ತಿರದ ಗಿಡ್ಡ ಪೀಠ ತೋರಿಸಿದಳು. ದೊರೆ ಕುಳಿತ. ಅವಳ ಬೆರಳು ಮೊದಲು ಗಾಯದ ಮೇಲೆ ಬಂತು. ಇಷ್ಟು ವರ್ಷ ಅವಳು ಅದನ್ನು ನಾಡಿಗೆಲ್ಲ ತೋರಿಸಿದ್ದಳೇ ಹೊರತು ಒಮ್ಮೆಯೂ ಮುಟ್ಟಿರಲಿಲ್ಲ. ಕಿವಿಯ ಕೆಳಗಿಂದ ಭುಜದವರೆಗೆ, ಕತ್ತಿ ಬಂದ ದಾರಿಯಲ್ಲೇ, ಬೆರಳು ನಿಧಾನವಾಗಿ ಇಳಿಯಿತು. ಒಂದು ಕಡೆ ನಿಂತಿತು, ಮುಂದೆ ಹೋಯಿತು. ಅವಳ ಚಿಕ್ಕ ಮಗ ಈ ಭೂಮಿಯ ಮೇಲೆ ಕೊನೆಯದಾಗಿ ಮುಟ್ಟಿದ ಜಾಗ ಅದು.

"ಜಾಸ್ತಿ ಪೆಟ್ಟಾಯ್ತಾ?" ಎಂದಳು ತಾಯಿ. ಕೇಳಿದ್ದು ತನಗಾಗಿಯೋ, ಕೇಳಿ ಉತ್ತರ ಸಿಗದೆ ಹೋದವನ ಪರವಾಗಿಯೋ, ಅವಳ ಮುಖದಿಂದ ತಿಳಿಯುತ್ತಿರಲಿಲ್ಲ.

ದೊರೆ ಹೂಂ ಎನ್ನಲು ನೋಡಿದ. ದನಿ ಹೊರಡಲಿಲ್ಲ. ಬರೀ ತಲೆ ಆಡಿಸಿದ.

ಅವಳು ಕೊರಳಪಟ್ಟಿಯನ್ನು ಎಳೆದು ಗಾಯದ ಮೇಲೆ ಮುಚ್ಚಿದಳು. ಕಣ್ಣು ಮಂಜಾಗಿತ್ತು. ಗುಂಡಿ ಕಾಜಾದೊಳಗೆ ಹೋಗಲೊಲ್ಲದು. ದರ್ಜಿ ನಾನು ಹಾಕಲೇ ಎಂದ. ಅವಳು ಕೇಳಿಸಿಕೊಳ್ಳಲಿಲ್ಲ. ದೊರೆ ಕತ್ತನ್ನು ಇನ್ನೊಂದು ಚೂರು ಎಡಕ್ಕೆ ಬಾಗಿಸಿ, ಅವಳಿಗೆ ಸಿಗುವ ಹಾಗೆ ಹಿಡಿದು, ಅಲ್ಲಾಡದೆ ಕುಳಿತ.